ಎಡಕ್ಕೆ ಟ್ರೀ, ಬಲಕ್ಕೆ ಟೇಬಲ್: ಜಾವಾ ಸ್ವಿಂಗ್‌ನಲ್ಲಿ ಇವೆಂಟ್‌ಗಳನ್ನು ನಿಭಾಯಿಸುವ ಬಗೆ

ಹೋಬಳಿವಾರು ಮಳೆಯ ಪ್ರಮಾಣವನ್ನು ದಾಖಲಿಸುವ ಒಂದು ಚಿಕ್ಕ ಡೆಸ್ಕ್‌ಟಾಪ್ ತಂತ್ರಾಂಶವನ್ನು ಜಾವಾದಲ್ಲಿ ಬರೆಯುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ಪರದೆಯ ಎಡಭಾಗದಲ್ಲಿ ಒಂದು ಜೆಟ್ರೀ ಇದೆ: ಮೇಲೆ ಮೈಸೂರು ವಿಭಾಗ, ಅದರ ಕೆಳಗೆ ಕೊಡಗು, ಹಾಸನ, ಮಂಡ್ಯ ಮೊದಲಾದ ಜಿಲ್ಲೆಗಳು, ಕೊಡಗನ್ನು ಬಿಡಿಸಿದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕುಗಳು. ಬಲಭಾಗದಲ್ಲಿ ಒಂದು ಜೆಟೇಬಲ್ ಇದೆ. ಎಡಗಡೆ ಆಯ್ದ ತಾಲ್ಲೂಕಿನ ಹೋಬಳಿಗಳು ಅದರ ಮೊದಲ ಕಾಲಂನಲ್ಲಿ ಬರಬೇಕು, ಎರಡನೆಯ ಕಾಲಂನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ತುಂಬಬೇಕು. 1998ರಲ್ಲಿ ಜಾವಾ 1.2ರೊಂದಿಗೆ ಸೇರಿಕೊಂಡ, ಪರದೆಯ ಭಾಗಗಳನ್ನು ಕಟ್ಟಿಕೊಡುವ ಸ್ವಿಂಗ್ ಲೈಬ್ರರಿ ಇಂದಿಗೂ ಜೆಡಿಕೆಯೊಳಗೇ (ಜಾವಾ ಡೆವಲಪ್‌ಮೆಂಟ್ ಕಿಟ್) ಇರುವುದರಿಂದ, ಇದಕ್ಕೆಂದು ಬೇರೇನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ಪರದೆಯನ್ನು ಜೋಡಿಸುವುದು ಅರ್ಧ ಗಂಟೆಯ ಕೆಲಸ. ದಿನಗಟ್ಟಲೆ ಸಮಯ ಹೋಗುವುದು ಕ್ಲಿಕ್ಕುಗಳಿಗೆ ಸರಿಯಾಗಿ ಉತ್ತರ ಕೊಡಿಸುವುದರಲ್ಲಿ.

ಒಂದು ಸೂಚನೆ: ಕ್ಲಾಸ್ ಮತ್ತು ಮೆಥಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷಿನಲ್ಲಿ, ನಡುವೆ ಜಾಗವಿಲ್ಲದೆ, ಒಂದೇ ಪದವಾಗಿರಬೇಕು.

ಮೊದಲ ಹೆಜ್ಜೆ ಟ್ರೀಯದು. ಇವೆಂಟ್, ಅಂದರೆ ಪರದೆಯ ಮೇಲಿನ ಒಂದು ಘಟನೆ, ನಡೆದಾಗ ಸ್ವಿಂಗ್ ಕರೆಯುವ ನಮ್ಮ ಕೋಡಿಗೆ ಲಿಸನರ್ ಎಂದು ಹೆಸರು. ಹೊಸಬರಲ್ಲಿ ಹಲವರು ಟ್ರೀಗೆ ಮೌಸ್‌ಲಿಸನರ್ ಸೇರಿಸಿ ಕ್ಲಿಕ್ಕನ್ನು ಹಿಡಿಯಲು ಹೋಗುತ್ತಾರೆ. ಬಾಣದ ಕೀಲಿಗಳನ್ನು ಒತ್ತಿ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಇಳಿಯುವವರ ಪಾಲಿಗೆ ಅಂಥ ತಂತ್ರಾಂಶ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದ ಟ್ರೀಸೆಲೆಕ್ಷನ್‌ಲಿಸನರ್ ಬಳಸಿ. ಅದರಲ್ಲಿರುವುದು ವ್ಯಾಲ್ಯೂಚೇಂಜ್ಡ್ ಎಂಬ ಒಂದೇ ಮೆಥಡ್ ಆದ್ದರಿಂದ, ಜಾವಾ 8ರಿಂದೀಚೆಗೆ ಅದನ್ನು ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್) ರೂಪದಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ಒಮ್ಮೆಗೆ ಒಂದೇ ತಾಲ್ಲೂಕು ಸಾಕಾದುದರಿಂದ ಸೆಲೆಕ್ಷನ್ ಮೋಡನ್ನು ಸಿಂಗಲ್ ಟ್ರೀ ಸೆಲೆಕ್ಷನ್ ಎಂದು ಇಟ್ಟುಬಿಡಿ.

ವ್ಯಾಲ್ಯೂಚೇಂಜ್ಡ್ ಒಳಗೆ ಗೆಟ್‌ಲಾಸ್ಟ್‌ಸೆಲೆಕ್ಟೆಡ್‌ಪಾತ್‌ಕಾಂಪೊನೆಂಟ್ ಮೆಥಡನ್ನು ಕರೆದರೆ ಆಯ್ದ ನೋಡ್, ಅಂದರೆ ಟ್ರೀಯ ಆ ಒಂದು ಕವಲು, ಸಿಗುತ್ತದೆ. ಸಿಗದೆಯೂ ಇರಬಹುದು. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ಆಯ್ಕೆಯನ್ನು ತೆಗೆದರೂ, ಆಯ್ದ ನೋಡನ್ನೇ ಅಳಿಸಿದರೂ ಇದೇ ಇವೆಂಟ್ ಬರುತ್ತದೆ, ಆಗ ಕೈಗೆ ಬರುವುದು ನಲ್, ಅಂದರೆ ಏನೂ ಇಲ್ಲ. ಬಳಕೆದಾರರು ಕೊಡಗು ಜಿಲ್ಲೆಯನ್ನು ಮಡಚಿದಾಗ ಒಳಗಿದ್ದ ಮಡಿಕೇರಿಯ ಆಯ್ಕೆ ತಾನಾಗಿ ಕೊಡಗಿಗೆ ಏರುವುದರಿಂದ ಆಗಲೂ ಇವೆಂಟ್ ಬರುತ್ತದೆ. ಇವೆಂಟ್ ಬಂತೆಂದರೆ ಏನೋ ಬದಲಾಯಿತು ಎಂದಷ್ಟೇ ತಿಳಿಯಬೇಕು. ಏನು ಬದಲಾಯಿತು ಎಂಬುದನ್ನು ಪ್ರತಿ ಸಲವೂ ನಾವೇ ಕೇಳಿ ತಿಳಿಯಬೇಕು.

ಸಿಕ್ಕ ನೋಡ್ ಜಿಲ್ಲೆಯೋ ತಾಲ್ಲೂಕೋ ಎಂದು ಹೆಸರಿನಿಂದ ಗುರುತಿಸಲು ಹೋಗಬೇಡಿ, ಹಾಸನ ಜಿಲ್ಲೆಯೊಳಗೆ ಹಾಸನ ಎಂಬ ತಾಲ್ಲೂಕೂ ಇದೆ. ಡಿಫಾಲ್ಟ್‌ಮ್ಯೂಟಬಲ್‌ಟ್ರೀನೋಡ್ ಒಳಗೆ ಬರಿಯ ಸ್ಟ್ರಿಂಗ್ ಇಡುವ ಬದಲು ಜಿಲ್ಲೆ, ತಾಲ್ಲೂಕು ಎಂಬ ನಿಮ್ಮದೇ ಕ್ಲಾಸ್‌ಗಳ ಆಬ್ಜೆಕ್ಟ್‌ಗಳನ್ನು ಇಟ್ಟು, ಗೆಟ್‌ಯೂಸರ್‌ಆಬ್ಜೆಕ್ಟ್ ಮೂಲಕ ಹೊರತೆಗೆದು, ಇನ್‌ಸ್ಟನ್ಸ್‌ಆಫ್ ಹಾಕಿ ಪರೀಕ್ಷಿಸಿ. ಪರದೆಯ ಮೇಲೆ ಕಾಣುವ ಹೆಸರನ್ನು ಆ ಕ್ಲಾಸಿನ ಟೂಸ್ಟ್ರಿಂಗ್ ಮೆಥಡ್ ಕೊಡುತ್ತದೆ.

ತಾಲ್ಲೂಕುಗಳ ಪಟ್ಟಿಯನ್ನು ಬೇಕಾದಾಗ ಮಾತ್ರ ಓದಿಸುವ ಆಸೆಯಿದ್ದರೆ ಟ್ರೀವಿಲ್‌ಎಕ್ಸ್‌ಪ್ಯಾಂಡ್‌ಲಿಸನರ್ ಇದೆ. ನೋಡ್ ಬಿಚ್ಚಿಕೊಳ್ಳುವ ಮುನ್ನ ಅದಕ್ಕೆ ಕರೆ ಬರುತ್ತದೆ, ಬೇಡವೆಂದರೆ ಎಕ್ಸ್‌ಪ್ಯಾಂಡ್‌ವೀಟೋಎಕ್ಸೆಪ್ಷನ್ ಎಸೆದು ತಡೆಯಲೂಬಹುದು. ಮಕ್ಕಳಿಲ್ಲದ ನೋಡಿಗೆ ಬಿಡಿಸುವ ಗುರುತೇ ಮೂಡದಿರುವುದರಿಂದ, ಮೊದಲಿಗೆ ಒಂದು ಸುಳ್ಳು ಮಗುವನ್ನು ಕೂರಿಸಿಡಬೇಕು, ಅಷ್ಟೆ.

ಇನ್ನು ಟೇಬಲ್. ಇದರ ಆಯ್ಕೆಯ ಲಿಸನರನ್ನು ಟೇಬಲಿಗೆ ನೇರವಾಗಿ ಹಾಕಲಾಗುವುದಿಲ್ಲ. ಗೆಟ್‌ಸೆಲೆಕ್ಷನ್‌ಮಾಡೆಲ್ ಕರೆದು, ಬಂದ ಆಯ್ಕೆಯ ಮಾಡೆಲಿಗೆ ಲಿಸ್ಟ್‌ಸೆಲೆಕ್ಷನ್‌ಲಿಸನರ್ ಸೇರಿಸಬೇಕು. ಒಂದೇ ಕ್ಲಿಕ್ಕಿಗೆ ಇಲ್ಲಿ ವ್ಯಾಲ್ಯೂಚೇಂಜ್ಡ್ ಸಾಮಾನ್ಯವಾಗಿ ಎರಡು ಸಲ ಬರುತ್ತದೆ, ಗುಂಡಿ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ. ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್ ನಿಜವೆಂದು ಹೇಳಿದರೆ ಅಲ್ಲಿಂದಲೇ ಹಿಂದಿರುಗಿ. ಇವೆಂಟಿನೊಳಗಿರುವ ಗೆಟ್‌ಫಸ್ಟ್‌ಇಂಡೆಕ್ಸ್, ಗೆಟ್‌ಲಾಸ್ಟ್‌ಇಂಡೆಕ್ಸ್‌ಗಳನ್ನು ಆಯ್ದ ಸಾಲಿನ ಸಂಖ್ಯೆ ಎಂದು ನಂಬಬೇಡಿ. ಯಾವ ವ್ಯಾಪ್ತಿಯಲ್ಲಿ ಆಯ್ಕೆ ಬದಲಾಗಿರಬಹುದು ಎಂದಷ್ಟೇ ಅವು ಹೇಳುತ್ತವೆ. ಸಾಲು ಬೇಕಿದ್ದರೆ ಟೇಬಲಿನ ಗೆಟ್‌ಸೆಲೆಕ್ಟೆಡ್‌ರೋ ಕೇಳಿ. ಏನೂ ಆಯ್ದಿಲ್ಲವಾದರೆ ಅದು -1 ಕೊಡುತ್ತದೆ.

ಆ ಸಂಖ್ಯೆಯನ್ನೂ ಹಾಗೆಯೇ ಬಳಸುವಂತಿಲ್ಲ. ಸೆಟ್‌ಆಟೋಕ್ರಿಯೇಟ್‌ರೋಸಾರ್ಟರ್ ಹಾಕಿದ ಮೇಲೆ ಬಳಕೆದಾರರು ಕಾಲಂ ಶೀರ್ಷಿಕೆಯನ್ನು ಒತ್ತಿ ಸಾಲುಗಳನ್ನು ಹಿಂದುಮುಂದು ಮಾಡಬಹುದು, ಆದರೆ ಟೇಬಲಿನ ದತ್ತಾಂಶವನ್ನು ಹಿಡಿದಿಟ್ಟಿರುವ ಟೇಬಲ್ ಮಾಡೆಲಿನೊಳಗಿನ (ಮುಂದೆ ಬರಿಯ ಮಾಡೆಲ್ ಎಂದರೆ ಇದೇ) ಕ್ರಮ ಕದಲುವುದಿಲ್ಲ. ಮಡಿಕೇರಿ ತಾಲ್ಲೂಕಿನ ಹೋಬಳಿಗಳನ್ನು ಮಾಡೆಲಿನಲ್ಲಿ ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಸಂಪಾಜೆ ಎಂಬ ಕ್ರಮದಲ್ಲಿ, 0ಯಿಂದ 3ರವರೆಗೆ ಇಟ್ಟಿದ್ದೇವೆ ಎನ್ನಿ. ಶೀರ್ಷಿಕೆಯನ್ನು ಒಮ್ಮೆ ಒತ್ತಿದರೆ ಅಕಾರಾದಿಯಾಗಿ ನಾಪೋಕ್ಲು, ಭಾಗಮಂಡಲ, ಮಡಿಕೇರಿ, ಸಂಪಾಜೆ ಎಂದು ಕಾಣುತ್ತವೆ. ಈಗ ಮೇಲಿನ ನಾಪೋಕ್ಲುವನ್ನು ಆಯ್ದರೆ ಗೆಟ್‌ಸೆಲೆಕ್ಟೆಡ್‌ರೋ 0 ಎನ್ನುತ್ತದೆ. ಆ 0ಯನ್ನೇ ಹಿಡಿದು ಮಾಡೆಲನ್ನು ಕೇಳಿದರೆ ಸಿಗುವುದು ಮಡಿಕೇರಿ. ತಮಾಷೆಯೆಂದರೆ ಭಾಗಮಂಡಲ ಮತ್ತು ಸಂಪಾಜೆಗಳ ಸ್ಥಾನ ಎರಡೂ ಕ್ರಮಗಳಲ್ಲಿ ಒಂದೇ ಆಗಿರುವುದರಿಂದ, ಪರೀಕ್ಷಿಸುವವರು ಅವೆರಡನ್ನು ಮಾತ್ರ ಒತ್ತಿ ನೋಡಿದ್ದರೆ ಎಲ್ಲವೂ ಸರಿಯಿದೆ ಎಂದೇ ಬರೆದುಕೊಡುತ್ತಾರೆ. ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಎಂಬ ಮೆಥಡಿಗೆ ಸಾಲಿನ ಸಂಖ್ಯೆಯನ್ನು ಕೊಟ್ಟು, ಬಂದ ಸಂಖ್ಯೆಯಿಂದ ಮಾಡೆಲನ್ನು ಕೇಳುವುದೇ ಇದಕ್ಕೆ ಪರಿಹಾರ. -1 ಇರುವಾಗ ಮಾತ್ರ ಅದನ್ನು ಕರೆಯಬೇಡಿ.

ಮಳೆಯ ಕಾಲಂನಲ್ಲೂ ಎಡವಲು ಇಂಥದೇ ಒಂದು ಹೊಂಡವಿದೆ. ಡಿಫಾಲ್ಟ್‌ಟೇಬಲ್‌ಮಾಡೆಲಾಗಲಿ, ಅಬ್‌ಸ್ಟ್ರಾಕ್ಟ್‌ಟೇಬಲ್‌ಮಾಡೆಲಾಗಲಿ ಕಾಲಂನ ಬಗೆ ಯಾವುದೆಂದು ಕೇಳಿದರೆ ಬರಿಯ ಆಬ್ಜೆಕ್ಟ್ ಎನ್ನುವುದರಿಂದ, 9, 42, 110 ಎಂಬ ಅಂಕಿಗಳು ಅಕ್ಷರಗಳಂತೆ ಹೋಲಿಕೆಯಾಗಿ 110, 42, 9 ಎಂದು ಜೋಡಣೆಯಾಗುತ್ತವೆ. ಗೆಟ್‌ಕಾಲಂಕ್ಲಾಸ್ ಮೆಥಡನ್ನು ನೀವೇ ಬರೆದು ಇಂಟೀಜರ್ ಎಂದು ಹೇಳಿದರೆ ಕ್ರಮವೂ ಸರಿಹೋಗುತ್ತದೆ, ಅಂಕಿಗಳು ಬಲಕ್ಕೂ ಸರಿಯುತ್ತವೆ, ಅಂಕಿಯಲ್ಲದ್ದನ್ನು ಟೈಪಿಸಿದರೆ ಆ ಮನೆಯ ಸುತ್ತ ಕೆಂಪು ಗೆರೆಯೂ ಬರುತ್ತದೆ.

ತುಂಬಿದ ಅಂಕಿಯನ್ನು ಉಳಿಸುವುದು ಮುಂದಿನ ಹೆಜ್ಜೆ. ನಿಮ್ಮ ಮಾಡೆಲಿನ ಸೆಟ್‌ವ್ಯಾಲ್ಯೂಅಟ್ ಮೆಥಡ್ ಹೊಸ ಬೆಲೆಯನ್ನು ಇಟ್ಟುಕೊಂಡ ಬಳಿಕ ಫೈರ್‌ಟೇಬಲ್‌ಸೆಲ್‌ಅಪ್‌ಡೇಟೆಡ್ ಕರೆಯಬೇಕು. ಆಗ ಟೇಬಲ್‌ಮಾಡೆಲ್‌ಲಿಸನರಿನ ಟೇಬಲ್‌ಚೇಂಜ್ಡ್ ಮೆಥಡಿಗೆ ಸುದ್ದಿ ಮುಟ್ಟುತ್ತದೆ, ಅಲ್ಲಿಂದ ದತ್ತಸಂಚಯಕ್ಕೆ ಬರೆಯಬಹುದು. ಇಲ್ಲಿ ಬರುವ ಸಾಲಿನ ಸಂಖ್ಯೆ ಮಾಡೆಲಿನದೇ ಆದ್ದರಿಂದ ಮತ್ತೆ ಪರಿವರ್ತಿಸಿದರೆ ತಪ್ಪಾಗುತ್ತದೆ. ಟೇಬಲ್‌ಚೇಂಜ್ಡ್ ಒಳಗಿನಿಂದಲೇ ಎಗ್ಗಿಲ್ಲದೆ ಸೆಟ್‌ವ್ಯಾಲ್ಯೂಅಟ್ ಕರೆದರೆ ಒಂದನ್ನೊಂದು ಕರೆಯುತ್ತ ಹೋಗಿ ಕೊನೆಗೆ ಸ್ಟ್ಯಾಕ್‌ಓವರ್‌ಫ್ಲೋಎರರ್ ಬರುತ್ತದೆ. ತಾಲ್ಲೂಕು ಬದಲಾದಾಗ ಹೊಸ ಮಾಡೆಲನ್ನೇ ಟೇಬಲಿಗೆ ಕೊಟ್ಟರೆ, ಹಳೆಯ ಮಾಡೆಲಿಗೆ ಹಾಕಿದ್ದ ಈ ಲಿಸನರ್ ಅದರೊಂದಿಗೇ ಹೊರಟುಹೋಗುತ್ತದೆ. ಮಾಡೆಲನ್ನು ಹಾಗೆಯೇ ಇರಿಸಿ, ಒಳಗಿನ ಪಟ್ಟಿಯನ್ನು ಬದಲಿಸಿ, ಫೈರ್‌ಟೇಬಲ್‌ಡೇಟಾಚೇಂಜ್ಡ್ ಕರೆಯುವುದು ನನ್ನ ರೂಢಿ. ಆ ಕರೆಯೂ ಟೇಬಲ್‌ಚೇಂಜ್ಡ್‌ಗೆ ಬಂದೇ ಬರುತ್ತದೆ, ಆಗ ಕಾಲಂ ಸಂಖ್ಯೆ ಆಲ್ ಕಾಲಮ್ಸ್ ಎಂದಿರುತ್ತದೆ. ಹಾಗಿದ್ದರೆ ಏನನ್ನೂ ಬರೆಯದೆ ಹಿಂದಿರುಗಿ, ಇಲ್ಲವಾದರೆ ಈಗಷ್ಟೇ ಓದಿದ್ದನ್ನೇ ಮತ್ತೆ ಉಳಿಸಿದಂತಾಗುತ್ತದೆ.

ಅಂಕಿಯನ್ನು ಟೈಪಿಸಿ, ಎಂಟರ್ ಒತ್ತದೆ, ನೇರವಾಗಿ ‘ಉಳಿಸಿ’ ಗುಂಡಿಗೆ ಹೋಗುವವರು ಬಹಳ ಮಂದಿ. ಆ ಅಂಕಿ ಆಗಿನ್ನೂ ಎಡಿಟರಿನಲ್ಲೇ, ಅಂದರೆ ಟೈಪಿಸುವ ಪೆಟ್ಟಿಗೆಯಲ್ಲೇ, ಇದ್ದು ಮಾಡೆಲಿಗೆ ಇಳಿದಿರುವುದಿಲ್ಲ. ಪರದೆಯ ಮೇಲೆ 42 ಕಾಣುತ್ತಿದ್ದರೂ ಉಳಿಯುವುದು ಹಳೆಯ ಬೆಲೆ. ಟರ್ಮಿನೇಟ್‌ಎಡಿಟ್‌ಆನ್‌ಫೋಕಸ್‌ಲಾಸ್ಟ್ ಎಂಬ ಕ್ಲೈಂಟ್ ಪ್ರಾಪರ್ಟಿಯನ್ನು ಟೇಬಲಿಗೆ ಕೊಟ್ಟರೆ, ಫೋಕಸ್ ಬೇರೆಡೆಗೆ ಹೋದೊಡನೆ ತಿದ್ದುಪಡಿ ಮುಗಿಯುತ್ತದೆ. ನಾನು ಇದನ್ನೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಟ್ರೀಯ ವ್ಯಾಲ್ಯೂಚೇಂಜ್ಡ್ ಒಳಗೆ ಎಲ್ಲಕ್ಕಿಂತ ಮೊದಲು ಟೇಬಲಿನ ಈಸ್‌ಎಡಿಟಿಂಗ್ ಕೇಳಿ, ಹೌದೆಂದರೆ ಸೆಲ್ ಎಡಿಟರಿನ ಸ್ಟಾಪ್‌ಸೆಲ್‌ಎಡಿಟಿಂಗ್ ಕರೆದು, ಅದು ಸುಳ್ಳೆಂದು ಹಿಂದಿರುಗಿದರೆ, ಅಂದರೆ ಬರೆದದ್ದು ಅಂಕಿಯೇ ಅಲ್ಲವಾದರೆ, ಕ್ಯಾನ್ಸಲ್‌ಸೆಲ್‌ಎಡಿಟಿಂಗ್ ಕರೆದ ನಂತರವೇ ಹೊಸ ತಾಲ್ಲೂಕಿನ ಹೋಬಳಿಗಳನ್ನು ತರುತ್ತೇನೆ.

ಬಲಗುಂಡಿಯ ಮೆನು ಬೇಕಿದ್ದರೆ ಎರಡು ಮಾತು. ಈಸ್‌ಪಾಪ್‌ಅಪ್‌ಟ್ರಿಗರ್ ವಿಂಡೋಸ್‌ನಲ್ಲಿ ಗುಂಡಿ ಬಿಟ್ಟಾಗಲೂ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಒತ್ತಿದಾಗಲೂ ನಿಜವಾಗುವುದರಿಂದ ಮೌಸ್‌ಪ್ರೆಸ್ಡ್, ಮೌಸ್‌ರಿಲೀಸ್ಡ್ ಎರಡರಲ್ಲೂ ಪರೀಕ್ಷಿಸಿ. ಒಂದರಲ್ಲೇ ಪರೀಕ್ಷಿಸಿ, ನನ್ನ ಲಿನಕ್ಸ್‌ನಲ್ಲಿ ಬರುವ ಮೆನು ಪಕ್ಕದವರ ವಿಂಡೋಸ್‌ನಲ್ಲಿ ಏಕೆ ಬಾರದು ಎಂದು ಒಂದು ಸಂಜೆಯನ್ನು ನಾನು ಕಳೆದಿದ್ದೇನೆ. ಬಲಗುಂಡಿ ಟೇಬಲಿನ ಸಾಲನ್ನು ಆಯುವುದೂ ಇಲ್ಲ, ಹಾಗಾಗಿ ರೋಅಟ್‌ಪಾಯಿಂಟ್ ಮೂಲಕ ಸಾಲನ್ನು ಕಂಡುಹಿಡಿದು ನೀವೇ ಆಯಬೇಕು.

ಕೊನೆಯದು ವೇಗದ ಪ್ರಶ್ನೆ. ಈ ಲಿಸನರ್‌ಗಳೆಲ್ಲ ಓಡುವುದು ಪರದೆಯನ್ನು ಬಿಡಿಸುವ ಅದೇ ಇವೆಂಟ್ ಡಿಸ್ಪ್ಯಾಚ್ ಥ್ರೆಡ್‌ನಲ್ಲಿ. ದತ್ತಸಂಚಯವು ಉತ್ತರಿಸಲು 3 ಸೆಕೆಂಡ್ ತೆಗೆದುಕೊಂಡರೆ ಪರದೆಯೂ 3 ಸೆಕೆಂಡ್ ಕಲ್ಲಾಗಿ ಕೂರುತ್ತದೆ. ಓದುವ ಕೆಲಸವನ್ನು ಬೇರೆ ಥ್ರೆಡ್‌ನಲ್ಲಿ ಓಡುವ, ಸ್ವಿಂಗ್‌ವರ್ಕರಿನ ಡುಇನ್‌ಬ್ಯಾಕ್‌ಗ್ರೌಂಡ್‌ಗೆ ಒಪ್ಪಿಸಿ, ಟೇಬಲನ್ನು ತುಂಬುವ ಕೆಲಸವನ್ನು ಡನ್ ಮೆಥಡಿನಲ್ಲಿ ಮಾಡಿ. ಆದರೆ ಮಡಿಕೇರಿಯನ್ನು ಒತ್ತಿದವರು ಉತ್ತರ ಬರುವ ಮೊದಲೇ ವಿರಾಜಪೇಟೆಯನ್ನು ಒತ್ತಿರಬಹುದು, ಮಡಿಕೇರಿಯ ಉತ್ತರ ತಡವಾಗಿ, ವಿರಾಜಪೇಟೆಯದರ ನಂತರ ಬರಬಹುದು. ಆದ್ದರಿಂದ ವರ್ಕರನ್ನು ಹೊರಡಿಸುವಾಗ ಯಾವ ನೋಡಿಗಾಗಿ ಎಂಬುದನ್ನು ಅದರಲ್ಲೇ ಇಟ್ಟುಕೊಂಡು, ಡನ್ ಒಳಗೆ ಟ್ರೀಯಲ್ಲಿ ಈಗಲೂ ಅದೇ ನೋಡ್ ಆಯ್ಕೆಯಾಗಿದೆಯೇ ಎಂದು ನೋಡಿ; ಅಲ್ಲವಾದರೆ ಬಂದ ಉತ್ತರವನ್ನು ಬಿಟ್ಟುಬಿಡಿ. ಆಗ ಮಡಿಕೇರಿಯ ಮಳೆ ವಿರಾಜಪೇಟೆಯ ಲೆಕ್ಕಕ್ಕೆ ಸೇರುವುದಿಲ್ಲ.