ಸರ್ಕಾರಿ ಪುಟಕ್ಕೆ ಅಲರ್ಟ್ ಇಟ್ಟವರು ರೀಡೈರೆಕ್ಟ್ ಮೇಲೂ ಕಣ್ಣಿಡಿ

ವಿಜಯಪುರ, ಬಾಗಲಕೋಟೆ ಜಿಲ್ಲೆಯ ನೇಮಕಾತಿ, ಟೆಂಡರ್ ಪುಟಗಳಿಗೆ ಅಲರ್ಟ್ (ಪುಟ ಬದಲಾದರೆ ಫೋನ್‌ಗೆ ತಿಳಿಸುವ ಟೂಲ್) ಇಟ್ಟಿದ್ದೀರಾ? ಬರಹ ಬದಲಾಯಿತಾ ಅಂತ ಮಾತ್ರ ನೋಡಿದರೆ ಸಾಲದು. ಲಿಂಕ್ ತಾನಾಗೇ ಬೇರೆ ವಿಳಾಸಕ್ಕೆ ಕಳಿಸೋದೇ ರೀಡೈರೆಕ್ಟ್; ಅದು ಕೊನೆಗೆ ಎಲ್ಲಿಗೆ ಹೋಗಿ ನಿಂತಿತು ಅನ್ನೋದನ್ನೂ ಬರೆದಿಟ್ಟುಕೊಳ್ಳಿ.

ಯಾಕಂದ್ರೆ ಹಳೇ ನೋಟಿಸ್ ತೆಗೆದ ಮೇಲೆ ಎಷ್ಟೋ ತಾಣಗಳು 404 (ಪುಟ ಸಿಗಲಿಲ್ಲ ಅನ್ನೋ ಕೋಡ್) ತೋರಿಸೋದೇ ಇಲ್ಲ. ಸುಮ್ನೆ ಮುಖಪುಟಕ್ಕೆ ಕಳಿಸುತ್ತವೆ. ಅಲ್ಲಿ 200 (ಪುಟ ಸರಿಯಾಗಿ ತೆರೆಯಿತು ಅನ್ನೋ ಕೋಡ್) ಬರುತ್ತದೆ, ಟೂಲ್ ಎಲ್ಲ ಸರಿ ಇದೆ ಅಂದುಕೊಳ್ಳುತ್ತದೆ. ಆಮೇಲೆ ಮುಖಪುಟದ ಓಡುವ ಸುದ್ದಿ ಬದಲಾದಾಗಲೆಲ್ಲ ನಿಮ್ಮ ಫೋನ್ ಟಿಂಗ್ ಅನ್ನುತ್ತದೆ. ನೋಟಿಸ್ ಮಾತ್ರ ನಾಪತ್ತೆ!

ಕಂಪ್ಯೂಟರ್‌ನಲ್ಲಿ ಇದನ್ನು ಪತ್ತೆ ಮಾಡೋಕೆ ಕ್ರೋಮ್ ತೆರೆದು ಎಫ್12 ಒತ್ತಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ 'ಪ್ರಿಸರ್ವ್ ಲಾಗ್' ಟಿಕ್ ಮಾಡಿ, ಹಳೇ ಲಿಂಕ್ ಹಾಕಿ. ಪಟ್ಟಿಯಲ್ಲಿ ಆ ಲಿಂಕ್‌ನ ಸಾಲಿನ 'ಸ್ಟೇಟಸ್' ನಂಬರ್ ನೋಡಿ: 301 ಅಂದರೆ ಕಾಯಂ ಬದಲಾವಣೆ, 302 ಅಂದರೆ ತಾತ್ಕಾಲಿಕ. ತಾತ್ಕಾಲಿಕ ಅಂತ ಹಾಕಿ ಹಾಗೇ ಬಿಡೋರೂ ಇರ್ತಾರೆ, ಜಾಸ್ತಿ ನಂಬಬೇಡಿ. ಆ ಲಿಂಕ್‌ನ ಸಾಲಿನ ಮೇಲೆ ಒತ್ತಿದರೆ 'ಲೊಕೇಶನ್' ಸಾಲಿನಲ್ಲಿ ಹೊಸ ವಿಳಾಸ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಕಳಿಸಿದರೆ ಈ ನಂಬರ್ ಕಾಣಲ್ಲ, ಮೇಲಿನ ಅಡ್ರೆಸ್ ಬಾರ್ ನೋಡಿ.

ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ (ಅದೇ ತಾಣದ ಸುರಕ್ಷಿತ ವಿಳಾಸಕ್ಕೆ) ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಡೊಮೇನ್ (ವಿಳಾಸದಲ್ಲಿನ ತಾಣದ ಹೆಸರು) ಬದಲಾಗಿದ್ದರೆ ಹೊಸದಕ್ಕೂ ಅಲರ್ಟ್ ಇಡಿ, ಹಳೇದನ್ನು ಅಳಿಸಬೇಡಿ. ಬಿಜಾಪುರ 2014ರ ನವೆಂಬರ್ 1ಕ್ಕೆ ವಿಜಯಪುರ ಆಯ್ತಲ್ವಾ? ಹಳೇ ಹೆಸರಿನ ಲಿಂಕ್ ಇಟ್ಟುಕೊಂಡವರು ಮೊದಲು ಅದನ್ನೇ ಪರೀಕ್ಷಿಸಿ.