ಮಲ್ಪೆಯ ಮಕ್ಕಳಿಗೆ ‘ಇಸ್’ ಸಿಕ್ಕಿದ್ದು ಹೀಗೆ

ಮಲ್ಪೆಯಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈಗ ನಡೆಯುತ್ತಿರುವುದನ್ನು ಹೇಳುವ ಪ್ರೆಸೆಂಟ್ ಕಂಟಿನ್ಯುವಸ್ ಬಂದಾಗ ಎಲ್ಲರದ್ದೂ ಒಂದೇ ತಪ್ಪು. ‘ಅಮ್ಮ ಕುಕಿಂಗ್’, ‘ಬಸ್ ಕಮಿಂಗ್’. ನಡುವಿನ ‘ಇಸ್’ ಮಾಯ! ಸೂತ್ರ ಬರೆಸಿದೆ, ಬಾಯಿಪಾಠ ಮಾಡಿಸಿದೆ. ಮರುದಿನ ಮತ್ತೆ ಅದೇ ಕಥೆ.

ಒಂದು ದಿನ ಬೋರ್ಡಿನ ಮೇಲೆ ‘ಮಾಡುತ್ತಿದ್ದಾಳೆ’ ಎಂದು ಬರೆದು ಎರಡು ತುಂಡು ಮಾಡಿದೆ: ಮಾಡುತ್ತಾ, ಇದ್ದಾಳೆ. ‘ಇದ್ದಾಳೆ’ಯ ಕೆಳಗೆ ‘ಇಸ್’, ‘ಮಾಡುತ್ತಾ’ದ ಕೆಳಗೆ ‘ಡೂಯಿಂಗ್’. ಹಿಂದಿನ ಬೆಂಚಿನ ಹುಡುಗಿ, "ಓ, ಅದು ನಮ್ಮಲ್ಲೂ ಉಂಟಲ್ವಾ ಟೀಚರ್!" ಎಂದಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

‘ದಿನಾ’ ಮತ್ತು ‘ಈಗ’ದ ವ್ಯತ್ಯಾಸಕ್ಕೆ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯೇ ಸಾಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಮಕ್ಕಳ ಅಪ್ಪಂದಿರು ನೆಲದ ಮೇಲೆ ಕಾಲು ಚಾಚಿ ಕೂತು, ಹಸಿರು ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತಿರುತ್ತಾರೆ. ಅದನ್ನೇ ತೋರಿಸಿ ಹೇಳಿಸಿದೆ: ‘ದೇ ಕ್ಯಾಚ್ ಫಿಶ್. ನೌ ದೇ ಆರ್ ಮೆಂಡಿಂಗ್ ನೆಟ್ಸ್.’ ಮೊದಲನೆಯದು ಅವರ ಕೆಲಸ, ಎರಡನೆಯದು ಕಣ್ಣೆದುರು ನಡೆಯುತ್ತಿರುವುದು.

ಆಮೇಲೆ ಅತಿಯೂ ಆಯಿತು. ‘ಐ ಆ್ಯಮ್ ನೋಯಿಂಗ್’, ‘ಐ ಆ್ಯಮ್ ವಾಂಟಿಂಗ್’ ಶುರುವಾಯಿತು. ಇಲ್ಲೂ ಕನ್ನಡವೇ ಕೈ ಹಿಡಿಯಿತು. ‘ಗೊತ್ತು’, ‘ಬೇಕು’ ಅನ್ನುತ್ತೇವೆ. ‘ಬೇಕುತ್ತಿದೆ’ ಅಂತ ಯಾರಾದರೂ ಹೇಳ್ತಾರಾ? ಮಕ್ಕಳು ಬಿದ್ದು ಬಿದ್ದು ನಕ್ಕರು. ಹಾಗಾದರೆ ‘ನೋ’, ‘ವಾಂಟ್’ಗೂ ಸಾಮಾನ್ಯವಾಗಿ ‘ಇಂಗ್’ ಬೇಡ ಎಂದೆ. ‘ಹ್ಯಾವ್’ ಮಾತ್ರ ಇನ್ನೂ ಸ್ವಲ್ಪ ತಕರಾರು ಮಾಡುತ್ತಿದೆ. ‘ಐ ಹ್ಯಾವ್ ಎ ಬ್ರದರ್’ ಸರಿ, ಊಟಕ್ಕೆ ಕೂತಾಗ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಕೂಡ ಸರಿ. ಅದಕ್ಕೆ ಮುಂದಿನ ವಾರ ಒಂದಿಡೀ ಸಂಜೆ ಇಟ್ಟಿದ್ದೇನೆ.