ಸವೆದ ಸಿಲಿಂಡರ್ ಬೋರಿನ ದುರಸ್ತಿ: ವರ್ಗದ ಮಿತಿಯೊಳಗೆ ಉಳಿಯುವ ಬಗೆ

ರೇಸಿಗೆ ಇಳಿಸುವ ಬೈಕಿನ ಸಿಲಿಂಡರ್ ಸವೆದಿದ್ದರೆ, ಅದರ ಒಳಗೋಡೆಯನ್ನು ಕೊರೆದು ಅಗಲಿಸುವ ಬೋರಿಂಗ್ ಅಂಗಡಿಗೆ ಹೋಗುವ ಮೊದಲು ಆ ವರ್ಷದ ತಾಂತ್ರಿಕ ನಿಯಮಾವಳಿಯನ್ನು ತೆರೆದು ನೋಡಬೇಕು. ದಿನನಿತ್ಯದ ಓಡಾಟದ ಬೈಕಿಗೆ ಮೂಲಕ್ಕಿಂತ ತುಸು ದಪ್ಪನೆಯ, ಅಂದರೆ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಯಾರೂ ಕೇಳುವುದಿಲ್ಲ. ಸ್ಪರ್ಧೆಯಲ್ಲಿ ಅದೇ ಕೆಲಸ ಬೈಕನ್ನು ವರ್ಗದಿಂದಲೇ ಹೊರಗೆ ಹಾಕಬಹುದು. ಕೆಲವು ವರ್ಗಗಳು ಕಂಪನಿಯ ಮೂಲ ಅಳತೆಯನ್ನೇ ಕೇಳುತ್ತವೆ, ಕೆಲವು ಒಂದೆರಡು ಓವರ್‌ಸೈಜ್‌ಗಳನ್ನು ಒಪ್ಪುತ್ತವೆ, ಇನ್ನು ಕೆಲವು ಒಟ್ಟು ಸಿ.ಸಿ.ಯನ್ನು ಮಾತ್ರ ನೋಡುತ್ತವೆ.

ಯಮಹಾ ಆರ್‌ಎಕ್ಸ್ 100 ಅನ್ನೇ ತೆಗೆದುಕೊಳ್ಳೋಣ. ಇದರ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 50 ಮಿ.ಮೀ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, 0.7854ರಿಂದ ಹಾಗೂ ಸ್ಟ್ರೋಕಿನಿಂದ ಗುಣಿಸಿ, 1000ದಿಂದ ಭಾಗಿಸಿದರೆ 98.17 ಸಿ.ಸಿ. ಸಿಗುತ್ತದೆ. 0.25 ಮಿ.ಮೀ. ಓವರ್‌ಸೈಜಿಗೆ ಅದು 99.16 ಆಗುತ್ತದೆ, 0.50ಕ್ಕೆ 100.15. ವರ್ಗದ ಮಿತಿ 100 ಸಿ.ಸಿ. ಎಂದಿದ್ದು ಯಾವ ರಿಯಾಯಿತಿಯೂ ಇಲ್ಲದಿದ್ದರೆ ಎರಡನೆಯ ಓವರ್‌ಸೈಜಿನಲ್ಲೇ ದಾರಿ ಮುಚ್ಚುತ್ತದೆ. ಆಗ ಉಳಿಯುವುದು ಹೊಸ ಲೈನರ್ (ಸಿಲಿಂಡರಿನ ಒಳಗೆ ಕೂರುವ ಲೋಹದ ಕೊಳವೆ) ಕೂಡಿಸಿ ಮೂಲ ಅಳತೆಗೆ ಮರಳುವ ಮಾರ್ಗ, ಅದೂ ನಿಯಮ ಅದನ್ನು ಒಪ್ಪಿದರೆ.

ಸವೆತವನ್ನು ಬೆರಳಿನಿಂದ ಅಂದಾಜಿಸದೆ ಡಯಲ್ ಬೋರ್ ಗೇಜಿನಿಂದ ಅಳೆಯಬೇಕು. ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿಯೊಂದರಲ್ಲೂ ಕ್ರ್ಯಾಂಕ್‌ಶಾಫ್ಟಿನ ಉದ್ದಕ್ಕೆ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಟೂ ಸ್ಟ್ರೋಕ್ ಸಿಲಿಂಡರಿನಲ್ಲಿ ಗೇಜಿನ ಮೊನೆ ಗೋಡೆಯಲ್ಲಿರುವ ಅನಿಲದ ಕಿಂಡಿಯೊಳಗೆ, ಅಂದರೆ ಪೋರ್ಟಿನೊಳಗೆ, ಇಳಿಯದಂತೆ ನೋಡಿಕೊಳ್ಳಿ. ಮೇಲಿನ ರಿಂಗು ದಿಕ್ಕು ಬದಲಿಸುವ ಜಾಗದಲ್ಲಿ ಎಣ್ಣೆ ಕಡಿಮೆ, ಒತ್ತಡ ಹೆಚ್ಚು ಇರುವುದರಿಂದ ಸಾಮಾನ್ಯವಾಗಿ ಅಲ್ಲಿಯೇ ಸವೆತ ಹೆಚ್ಚಿರುತ್ತದೆ. ಅಳತೆಗಳನ್ನು ಸರ್ವಿಸ್ ಮ್ಯಾನ್ಯುಯಲ್‌ನ ಮಿತಿಯೊಂದಿಗೆ ಹೋಲಿಸಿ. ಸವೆತ ಮಿತಿಯೊಳಗಿದ್ದು ಗೋಡೆ ನುಣುಪಾಗಿ ಹೊಳೆಯುತ್ತಿದ್ದರೆ ಲಘು ಹೋನಿಂಗ್ (ಸಾಣೆಕಲ್ಲಿನಿಂದ ಗೋಡೆಯನ್ನು ತಿಕ್ಕುವುದು) ಮತ್ತು ಹೊಸ ರಿಂಗುಗಳೇ ಸಾಕು.

ಬೆಳಗಾವಿಯಲ್ಲಿ ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಉದ್ಯಮಬಾಗ, ಮಚ್ಛೆ ಕಡೆಯ ಮಷಿನ್ ಶಾಪ್‌ಗಳಿಗೆ ಮೈಕ್ರಾನ್ ಲೆಕ್ಕದ ಕೆಲಸ ಹೊಸದಲ್ಲ. ಆದರೆ ಪೋರ್ಟುಗಳಿರುವ ಸಿಲಿಂಡರನ್ನು ಹೋನ್ ಮಾಡಿ ರೂಢಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಿಕಾಸಿಲ್ ಎಂಬ ಗಟ್ಟಿ ನಿಕಲ್ ಲೇಪದ ಸಿಲಿಂಡರಾದರೆ ಸಾಮಾನ್ಯ ಬೋರಿಂಗ್ ಸಲ್ಲದು. ಅದಕ್ಕೆ ಮರುಲೇಪನವೇ ಬೇಕು.

ಪಿಸ್ಟನ್ ಕೈಗೆ ಬರುವ ತನಕ ಬೋರ್ ಮಾಡಿಸಬಾರದು. ಡಬ್ಬಿಯ ಮೇಲಿನ ಅಂಕಿಯನ್ನು ನಂಬದೆ, ಪಿಸ್ಟನ್ನಿನ ಸ್ಕರ್ಟನ್ನು (ಕೆಳಭಾಗವನ್ನು) ಗಜನ್ ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನು) ಅಡ್ಡಲಾಗಿ, ಮ್ಯಾನ್ಯುಯಲ್ ಹೇಳಿದ ಎತ್ತರದಲ್ಲಿ ಮೈಕ್ರೋಮೀಟರಿನಿಂದ ಅಳೆದು, ಅದಕ್ಕೆ ನಿಗದಿತ ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದು) ಸೇರಿಸಿದರೆ ಬರುವುದೇ ಬೋರಿನ ಕೊನೆಯ ಅಳತೆ. ಹೋನಿಂಗಿಗೆಂದು ಕೆಲವು ನೂರಾಂಶ ಮಿ.ಮೀ. ಉಳಿಸಿ ಬೋರಿಂಗ್ ನಿಲ್ಲಿಸಬೇಕು. ಕೊನೆಯ ಅಳತೆಯನ್ನು ಸಿಲಿಂಡರ್ ಪೂರ್ತಿ ತಣಿದ ಮೇಲೆಯೇ ತೆಗೆಯಬೇಕು, ಏಕೆಂದರೆ 50 ಮಿ.ಮೀ. ಅಲ್ಯೂಮಿನಿಯಂ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ, ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿಟ್ಟ ಪಿಸ್ಟನ್ನನ್ನು ಅಳೆದವರ ಲೆಕ್ಕ ಹೀಗೆಯೇ ತಪ್ಪುತ್ತದೆ.

ಲೈನರ್ ಕೂಡಿಸುವುದಾದರೆ ಸಿಲಿಂಡರನ್ನು ಕಾಯಿಸಿ ಬಿಗಿಯಾಗಿ ಇಳಿಸಿ, ತಣಿದ ನಂತರವೇ ಬೋರಿಂಗ್ ಮಾಡಬೇಕು. ಇಲ್ಲಿ ಎರಡು ಜಾಗಗಳಲ್ಲಿ ತಾಂತ್ರಿಕ ತಪಾಸಣೆಯವರ ಕಣ್ಣು ಬೀಳುತ್ತದೆ. ಲೈನರಿನ ಅಂಚನ್ನು ಸಮ ಮಾಡುವ ನೆಪದಲ್ಲಿ ಸಿಲಿಂಡರಿನ ಮೇಲ್ಮೈ ಕೆರೆದರೆ ಕಂಪ್ರೆಶನ್ ಏರುತ್ತದೆ. ಪೋರ್ಟುಗಳ ಎತ್ತರವೂ ಹಳೆಯದಕ್ಕೆ ಸರಿಯಾಗಿರಬೇಕು, ಕೂದಲೆಳೆಯಷ್ಟು ಮೇಲಕ್ಕೆ ಹೋದರೂ ಅವು ತೆರೆದು ಮುಚ್ಚುವ ಟೈಮಿಂಗ್ ಬದಲಾಗುತ್ತದೆ. ಆದ್ದರಿಂದ ಕೆಲಸಕ್ಕೆ ಕೊಡುವ ಮೊದಲೇ ಹಳೆಯ ಪೋರ್ಟುಗಳ ಅಚ್ಚನ್ನು ಕಾಗದದ ಮೇಲೆ ತೆಗೆದುಕೊಳ್ಳಿ. ರಿಂಗು ಸಿಕ್ಕಿಕೊಳ್ಳದಂತೆ ಪೋರ್ಟಿನ ಅಂಚುಗಳ ಚೂಪನ್ನು ತೆಗೆಯಲೇಬೇಕು. ಅದಕ್ಕಿಂತ ಹೆಚ್ಚು ಕೆರೆದರೆ ಅದು ಪೋರ್ಟಿಂಗ್, ಅಂದರೆ ಪೋರ್ಟಿನ ಆಕಾರ ಬದಲಿಸುವ ಕೆಲಸ, ಎನಿಸಿಕೊಳ್ಳುತ್ತದೆ.

ಹೋನಿಂಗ್ ಮುಗಿದ ಬೋರನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದು. ಬಿಸಿನೀರು, ಸೋಪು ಮತ್ತು ಬ್ರಷ್ ಹಿಡಿದು, ಎಣ್ಣೆಯಲ್ಲಿ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರದಷ್ಟರ ಮಟ್ಟಿಗೆ ತಿಕ್ಕಿ, ತಕ್ಷಣ ಎಣ್ಣೆ ಸವರಬೇಕು. ಅನಂತರ ರಿಂಗನ್ನು ಬೋರಿನೊಳಗೆ ನೇರವಾಗಿ ಕೂಡಿಸಿ, ಅದರ ಬಾಯಿಯ ಅಂತರವನ್ನು ಫೀಲರ್ ಗೇಜಿನಲ್ಲಿ ನೋಡಿ.

ಅಂಗಡಿಯ ಬಿಲ್ಲು, ಅಳತೆಯ ಚೀಟಿ, ಪೋರ್ಟುಗಳ ಅಚ್ಚು ಮೂರನ್ನೂ ಬೈಕಿನ ಕಾಗದಗಳ ಜೊತೆ ಇಟ್ಟುಕೊಂಡು, ರನ್ನಿಂಗ್-ಇನ್ (ಹೊಸ ಭಾಗಗಳು ಹೊಂದಿಕೊಳ್ಳುವ ತನಕ ನಿಧಾನವಾಗಿ ಓಡಿಸುವುದು) ಮುಗಿಸಿದ ಮೇಲೆಯೇ ತಪಾಸಣೆಗೆ ಒಯ್ಯಿರಿ.